ಔಡಲದ ಕೈಗುಣ

ಗದಗಿನಿಂದ ವಿಜಯಪುರದ ಕಡೆಗೆ ಹೊರಟ ರೈಲು ಹೊಂಬಳವನ್ನು ದಾಟುವಾಗ ಎರಡೂ ಬದಿಗೆ ಕಾಣುವುದು ಎರೆಭೂಮಿ. ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ದೊಡ್ಡ ಮರಗಳು ಕಡಿಮೆ. ಮರವಿಲ್ಲದ ನಾಡಿನಲ್ಲಿ ಔಡಲವೇ ಮರ ಎಂಬ ಹಳೆಯ ಮಾತನ್ನು ಯಾರೋ ಇಂಥ ಬಯಲನ್ನು ನೋಡಿಯೇ ಹೇಳಿರಬೇಕು. ಹೊಲದ ಬದುವಿಗೆ ನಾಲ್ಕಾರು ಔಡಲದ ಗಿಡ ಹಾಕಿಕೊಳ್ಳುವುದು ಹಿಂದಿನ ಒಕ್ಕಲುತನದ ರೂಢಿಯಾಗಿತ್ತು. ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದುಕೊಂಡರೆ ಮನೆಯ ಖರ್ಚಿಗೆ ಸಾಕು. ನೆತ್ತಿಗೆ ತಂಪು, ಮಕ್ಕಳ ಹೊಟ್ಟೆಗೆ ಔಷಧ, ಹಣತೆಗೆ ಬೆಳಕು. ಇಷ್ಟೆಲ್ಲ ಆದ ಮೇಲೆ ಉಳಿದದ್ದು ಚಕ್ಕಡಿಗೆ.

ಚಕ್ಕಡಿಯ ಅಚ್ಚು ಗಾಲಿಯ ತೂತಿನೊಳಗೆ ಉಜ್ಜಿ ಸವೆಯದಂತೆ ಹಾಕುತ್ತಿದ್ದುದು ಕೀಲೆಣ್ಣೆ. ಬರಿಯ ಔಡಲೆಣ್ಣೆ ಹಾಕಿದರೆ ಅದು ನಿಲ್ಲುವುದಿಲ್ಲ. ಬಿಸಿಲಿಗೆ ತೆಳುವಾಗಿ ಸೋರಿ ಹೋಗಿ, ನಾಲ್ಕು ಹರದಾರಿ ನಡೆಯುವುದರೊಳಗೆ ಗಾಲಿ ಕಿರುಗುಟ್ಟತೊಡಗುತ್ತದೆ. ಆದ್ದರಿಂದ ಹುಲ್ಲು ಸುಟ್ಟ ಕರಿಯನ್ನು ಎಣ್ಣೆಯಲ್ಲಿ ಕಲಸಿ ಮಂದ ಮಾಡುತ್ತಿದ್ದರು. ಆ ಕಪ್ಪು ಮುದ್ದೆಯನ್ನು ಬಿದಿರಿನ ನಳಿಗೆಯಲ್ಲಿ ತುಂಬಿ ಚಕ್ಕಡಿಗೆ ತೂಗುಹಾಕಿಕೊಂಡು, ಬನಶಂಕರಿ ಜಾತ್ರೆಗೋ ಗದಗಿನ ಹತ್ತಿ ಪೇಟೆಗೋ ಹೊರಡುವ ಮುನ್ನ ಕಡಾಣಿ ಕಿತ್ತು, ಗಾಲಿಯನ್ನು ಹೊರಗೆಳೆದು, ಅಚ್ಚಿಗೆ ಬಳಿಯುವುದು. ತೆಲುಗಿನಲ್ಲಿ ಇದಕ್ಕೆ ಕಂದೆನ ಎಂದೂ ತಮಿಳಿನಲ್ಲಿ ವಂಡಿ ಮೈ ಎಂದೂ ಹೆಸರು. ದಕ್ಷಿಣದ ರೈತರೆಲ್ಲರೂ ಒಂದೇ ಕಷ್ಟಕ್ಕೆ ಒಂದೇ ಉಪಾಯ ಕಂಡುಕೊಂಡಿದ್ದರು ಎಂದಾಯಿತು.

1884ರ ಸುಮಾರಿಗೆ ಹೊಟಗಿ–ಗದಗ ನಡುವೆ ರೈಲುಹಾದಿ ಬಂದಾಗಲೂ ಔಡಲದ ಮಹತ್ವ ಕುಂದಲಿಲ್ಲ. ಹತ್ತೊಂಬತ್ತನೆಯ ಶತಮಾನದ ಭಾರತದ ರೈಲ್ವೆಗಳು ದೀಪಕ್ಕೂ ಯಂತ್ರದ ಕೀಲುಗಳಿಗೂ ಔಡಲೆಣ್ಣೆಯನ್ನೇ ಬಹುವಾಗಿ ಬಳಸುತ್ತಿದ್ದವು. ಆ ಮೇಲೆ ಮಣ್ಣಿನೊಳಗಿನ ಎಣ್ಣೆ ಬಂದಿತು, ಅದರ ಹಿಂದೆಯೇ ಡಬ್ಬಿಯಲ್ಲಿ ಹಳದಿ, ಕೆಂಪು, ಕಂದು ಬಣ್ಣದ ಗ್ರೀಸು ಬಂದಿತು. ಗ್ರೀಸನ್ನು ಕಂಡ ರೈತನಿಗೆ ಅದರ ಉಪಯೋಗವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಸೋರದೆ ನಿಲ್ಲುವ ಎಣ್ಣೆ ಅದು, ತನ್ನ ಕೀಲೆಣ್ಣೆಯ ಪೇಟೆಯ ರೂಪ ಎಂದು ಅವನು ಸುಲಭವಾಗಿ ಗುರುತಿಸಿದ. ಆದರೆ ಆ ಎಣ್ಣೆಯನ್ನು ನಿಲ್ಲಿಸುತ್ತಿರುವುದು ತನ್ನ ಬದುವಿನ ಔಡಲವೇ ಎಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ. ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಎಣ್ಣೆ ನಿಲ್ಲುವುದೆಂದರೇನು? ಗ್ರೀಸಿನ ಡಬ್ಬಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ತೆಳುವಾದ ಎಣ್ಣೆಯೇ. ಉಳಿದ ಹತ್ತು ಪಾಲು ಆ ತೊಂಬತ್ತನ್ನು ಹಿಡಿದು ಕೂರಿಸಿದೆ. ಡಬ್ಬಿಯನ್ನು ಬೋರಲು ಹಾಕಿದರೂ ಬೀಳುವುದಿಲ್ಲ. ಇಂಥ ವಸ್ತುವನ್ನು ವಿಜ್ಞಾನಿಗಳು ಜೆಲ್ ಎನ್ನುತ್ತಾರೆ. ದ್ರವ ಎನ್ನಬೇಕೆಂದರೆ ಹರಿಯುವುದಿಲ್ಲ, ಘನ ಎನ್ನಬೇಕೆಂದರೆ ಒಳಗೆಲ್ಲ ದ್ರವವೇ ತುಂಬಿದೆ. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ ಅಂಟು, ಗಂಜಿ, ಸರಿಗಳಂಥ ಪದಾರ್ಥಗಳಿಗೆ ಕಲಾಯ್ಡ್ ಎಂದು ಹೆಸರಿಟ್ಟು ಈ ಶಾಸ್ತ್ರಕ್ಕೆ ಬುನಾದಿ ಹಾಕಿದ. ಅದಾಗಿ ಅರವತ್ತೈದು ವರ್ಷಗಳ ನಂತರವೂ, 1926ರಲ್ಲಿ, ಡೊರೊತಿ ಜೋರ್ಡನ್ ಲಾಯ್ಡ್ ಎಂಬ ವಿಜ್ಞಾನಿ ಜೆಲ್ಲನ್ನು ಕಂಡು ಗುರುತಿಸುವುದು ಸುಲಭ, ಲಕ್ಷಣ ಹೇಳುವುದು ಕಷ್ಟ ಎಂಬ ಅರ್ಥದಲ್ಲಿ ಬರೆದರು. ಇಂದಿಗೂ ಪಾಠ ಹೇಳುವವರಿಗೆ ಆ ಕಷ್ಟ ತಪ್ಪಿಲ್ಲ.

ಅಡುಗೆಮನೆಯಲ್ಲಿ ಜೆಲ್ಲುಗಳಿಗೆ ಕೊರತೆಯಿಲ್ಲ. ಕಡಲೆಹಿಟ್ಟಿನ ಜುಣಕವನ್ನು ತಟ್ಟೆಗೆ ಹಾಕಿ ಆರಲು ಬಿಟ್ಟರೆ ವಡೆಯಾಗಿ ಕೊಯ್ಯಲು ಬರುತ್ತದೆ. ಚಮಚೆ ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಗಟ್ಟಿ ಮೊಸರಾಗುತ್ತದೆ. ಆದರೆ ಇಲ್ಲಿ ನೀರನ್ನು ಹಿಡಿದಿಡುವವು ಭಾರಿ ಅಣುಗಳು. ಜುಣಕದಲ್ಲಿ ಸಾವಿರಾರು ಕೊಂಡಿಗಳುಳ್ಳ ಹಿಟ್ಟಿನ ಸರಪಳಿ, ಮೊಸರಿನಲ್ಲಿ ಹಾಲಿನ ಪ್ರೋಟೀನು. ಉದ್ದನೆಯ ದಾರಗಳು ಒಂದಕ್ಕೊಂದು ಸಿಕ್ಕು ಬಿದ್ದು ಬಲೆಯಾಗುವುದರಲ್ಲಿ ಅಂಥ ಆಶ್ಚರ್ಯವೇನಿಲ್ಲ.

ಗ್ರೀಸಿನೊಳಗೆ ಅಂಥ ಉದ್ದನೆಯ ಅಣುಗಳಿಲ್ಲ. ಅಲ್ಲಿರುವ ಅಣು ತೀರ ಚಿಕ್ಕದು, ಹದಿನೆಂಟು ಇಂಗಾಲದ ಪರಮಾಣುಗಳ ಒಂದು ತುಂಡು. ಇಂಥ ತುಂಡುಗಳು ಒಂದರ ಮೇಲೊಂದು ಕೂತು, ಸಾಲುಗಟ್ಟಿ, ಎಳೆಯಾಗಿ, ಎಳೆಗಳು ಹೊಸೆದುಕೊಂಡು ಹುರಿಯಾಗಿ, ಹುರಿಗಳು ಹೆಣೆದುಕೊಂಡು ಬಲೆಯಾಗಿ ಎಣ್ಣೆಯನ್ನು ಹಿಡಿಯುತ್ತವೆ. ದಾರವನ್ನು ಯಾರೂ ತಂದು ಹಾಕಿಲ್ಲ. ಅರಳೆಯೂ ತಾನೆ, ನೂಲುವವನೂ ತಾನೆ, ನೇಯುವವನೂ ತಾನೆ ಎಂಬಂಥ ಕೆಲಸ ಇದು. ಇಂಥ ಅಣುಗಳಿಗೆ ಕನ್ನಡದಲ್ಲಿ ಹೆಸರು ಇನ್ನೂ ನೆಲೆಗೊಂಡಿಲ್ಲ. ಹೆಪ್ಪುಗಾರ ಅಣುಗಳು ಎಂದು ಕರೆದರೆ ತಪ್ಪಾಗಲಾರದು.

ಹತ್ತಿಯ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹಣತೆಯ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಮೇಲೆತ್ತಿದರೆ ಅದು ತನ್ನ ತೂಕದ ಎಷ್ಟೋ ಪಟ್ಟು ಎಣ್ಣೆಯನ್ನು ಹಿಡಿದುಕೊಂಡೇ ಬರುತ್ತದೆ. ಎಳೆಗಳ ನಡುವಣ ಸಂದುಗಳಲ್ಲಿ ಎಣ್ಣೆ ಸಿಕ್ಕಿಕೊಂಡಿದೆ. ಬೆರಳಿನಿಂದ ಒತ್ತಿದರೆ ಹೊರಗೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗ್ರೀಸು ಮಾಡುವುದೂ ಇದನ್ನೇ. ಯಂತ್ರ ತಿರುಗುವಾಗ ಅದರ ಎಳೆಗಳು ಒತ್ತಿಗೆ ಸಿಕ್ಕು ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತವೆ. ವ್ಯತ್ಯಾಸ ಎರಡು. ಈ ಎಳೆಗಳು ಹತ್ತಿಯ ನೂಲಿಗಿಂತ ಸಾವಿರಾರು ಪಟ್ಟು ಕಿರಿದು. ಜೊತೆಗೆ, ಸಾಕಷ್ಟು ಕಾಯಿಸಿದರೆ ಎಳೆಗಳೇ ಕರಗಿ ಎಲ್ಲವೂ ದ್ರವವಾಗುತ್ತದೆ. ತಣಿದರೆ ಎಳೆಗಳು ಮತ್ತೆ ಹುಟ್ಟುತ್ತವೆ.

ಮನುಷ್ಯ ಗ್ರೀಸು ಮಾಡಿದ್ದು ಇತ್ತೀಚೆಗಲ್ಲ. ಈಜಿಪ್ತಿನಲ್ಲಿ ಕ್ರಿಸ್ತಪೂರ್ವ 1400ರ ಸುಮಾರಿನ ಗೋರಿಯೊಂದರಲ್ಲಿ ಸಿಕ್ಕ ರಥದ ಅಚ್ಚಿನ ಮೇಲೆ ಪ್ರಾಣಿಯ ಕೊಬ್ಬಿನ ಮತ್ತು ಸುಣ್ಣದ ಅಂಶಗಳು ಕಂಡುಬಂದಿವೆ. ಕೊಬ್ಬಿಗೆ ಸುಣ್ಣ ಕೂಡಿದರೆ ಒಂದು ಬಗೆಯ ಸಾಬೂನಾಗುತ್ತದೆ. ಮೈ ತೊಳೆಯುವ ಸಾಬೂನಿನಲ್ಲಿ ಸೋಡಿಯಂ ಇದ್ದರೆ, ಇದರಲ್ಲಿ ಕ್ಯಾಲ್ಸಿಯಂ. ಈ ಸುಣ್ಣದ ಸಾಬೂನು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಎಳೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಕಾರ್ಖಾನೆಗಳು ಇದನ್ನೇ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದವು. ಆದರೆ ಅದು ಬಿಸಿ ತಾಳದು, ನೀರು ಕುದಿಯುವ ಶಾಖ ತಲುಪುವ ಮೊದಲೇ ಕರಗಿ ಹರಿಯುತ್ತದೆ. ಸೋಡಿಯಂ ಸಾಬೂನಿನ ಗ್ರೀಸು ಬಿಸಿ ತಾಳುತ್ತದೆ, ಆದರೆ ಮಳೆನೀರು ತಾಗಿದರೆ ತೊಳೆದು ಹೋಗುತ್ತದೆ. ಹೀಗೆ ಒಂದಕ್ಕೆ ಬೆಂಕಿಯ ಭಯ, ಇನ್ನೊಂದಕ್ಕೆ ನೀರಿನ ಭಯ. ಮೋಟಾರು, ವಿಮಾನಗಳ ಕಾಲ ಬಂದಾಗ ಎರಡನ್ನೂ ತಾಳುವ ಗ್ರೀಸು ಬೇಕಾಯಿತು.

ಅದು ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಡುವೆ. 1942ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಎಂಬಾತನಿಗೆ ಲಿಥಿಯಂ ಸಾಬೂನಿನ ಗ್ರೀಸುಗಳಿಗಾಗಿ ಪೇಟೆಂಟ್ ದೊರೆಯಿತು. ಲಿಥಿಯಂ ಗ್ರೀಸು ನೀರಿಗೆ ಅಂಜದು, ಸುಮಾರು 190 ಡಿಗ್ರಿ ಸೆಲ್ಸಿಯಸ್‌ವರೆಗೂ ಹರಿಯದು, ಎತ್ತರದ ಆಕಾಶದ ಚಳಿಯಲ್ಲಿ ಕಲ್ಲಾಗದು. ಈ ಲಿಥಿಯಂ ಜೊತೆಗೆ ಯಾವ ಕೊಬ್ಬಿನಾಮ್ಲ ಚೆನ್ನಾಗಿ ಕೂಡುತ್ತದೆಂದು ಹುಡುಕುತ್ತ ಹೋದಾಗ ಮೇಲಾಗಿ ನಿಂತದ್ದು ಔಡಲದ್ದು.

ಇದಕ್ಕೆ ಕಾರಣವಿದೆ. ಶೇಂಗಾ, ಕುಸುಬೆ, ಎಳ್ಳು ಯಾವುದೇ ಎಣ್ಣೆಯ ಅಣುವನ್ನು ತೆಗೆದುಕೊಂಡರೂ ಅದು ಹೆಚ್ಚುಕಡಿಮೆ ಒಂದು ನುಣ್ಣನೆಯ ಕೋಲು. ಔಡಲೆಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಇರುವ ರಿಸಿನೋಲಿಕ್ ಆಮ್ಲ ಹಾಗಲ್ಲ. ಅದರ ಹದಿನೆಂಟು ಇಂಗಾಲಗಳ ಸರಣಿಯಲ್ಲಿ ಹನ್ನೆರಡನೆಯದಕ್ಕೆ ಆಮ್ಲಜನಕ ಮತ್ತು ಜಲಜನಕದ ಒಂದು ಪುಟ್ಟ ಕೊಕ್ಕೆ ಇದೆ. ಔಡಲೆಣ್ಣೆ ಉಳಿದ ಎಣ್ಣೆಗಳಿಗಿಂತ ಮಂದವಾಗಿರುವುದಕ್ಕೂ ಈ ಕೊಕ್ಕೆಯೇ ಕಾರಣ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನಿಗೆ ಔಡಲೆಣ್ಣೆಯನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಔಡಲದ ಇಂಗ್ಲಿಷ್ ಹೆಸರಿನಿಂದಲೇ. ಈ ಎಣ್ಣೆಗೆ ಜಲಜನಕವನ್ನು ಹಾಯಿಸಿದರೆ, ಅಂದರೆ ಡಾಲ್ಡಾ ಮಾಡಲು ಎಣ್ಣೆಗೆ ಮಾಡುವ ಉಪಚಾರವನ್ನೇ ಮಾಡಿದರೆ, ಅದು ಮೇಣದಂತೆ ಗಟ್ಟಿಯಾಗುತ್ತದೆ. ಅದರಿಂದ ಬರುವುದು 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ. ಹೆಸರು ಬಾಯಿಗೆ ಕಠಿಣ, ಆದರೆ ಹೆಸರಿನ ಆರಂಭದ ಹನ್ನೆರಡು ಎಂಬ ಅಂಕಿ ಆ ಕೊಕ್ಕೆಯ ವಿಳಾಸವೇ ಹೊರತು ಬೇರೇನಲ್ಲ. ಈ ಆಮ್ಲವನ್ನು ಎಣ್ಣೆಯಲ್ಲಿ ಹಾಕಿ, ಲಿಥಿಯಂ ಕೂಡಿಸಿ, ಕಾಯಿಸಿ, ಹದವಾಗಿ ತಣಿಸಿದರೆ ಒಂದು ಅಣುವಿನ ಕೊಕ್ಕೆ ಪಕ್ಕದ ಅಣುವಿನ ಕೊಕ್ಕೆಯನ್ನು ಹಿಡಿಯುತ್ತದೆ, ಅದು ಅದರ ಮುಂದಿನದನ್ನು. ಜಾತ್ರೆಯ ಗದ್ದಲದಲ್ಲಿ ಮಕ್ಕಳು ಕೈಕೈ ಹಿಡಿದು ಸಾಲಾಗಿ ನಡೆದಂತೆ ಎಳೆ ಬೆಳೆಯುತ್ತದೆ. ತಣಿಸುವ ಹದ ತಪ್ಪಿದರೆ ಎಳೆ ಗಿಡ್ಡವಾಗಿ ಗ್ರೀಸು ಕೆಡುತ್ತದೆ. ಪಾಕದ ಹದ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದಿನದು ಈ ಕಥೆಯ ಅತ್ಯಂತ ಸೋಜಿಗದ ಭಾಗ. ನಮ್ಮ ಎಡಗೈ ಬಲಗೈಗಳು ನೋಡಲು ಒಂದೇ, ಆದರೆ ಎಡಗೈಯ ಕೈಚೀಲ ಬಲಗೈಗೆ ಹೊಂದದು. ಆ ಹನ್ನೆರಡನೆಯ ಜಾಗದ ಕೊಕ್ಕೆಯನ್ನೂ ಹೀಗೆ ಎರಡು ರೀತಿಯಲ್ಲಿ, ಎಡಗೈಯಂತೆ ಅಥವಾ ಬಲಗೈಯಂತೆ, ಕೂರಿಸಬಹುದು. ಪ್ರಯೋಗಶಾಲೆಯಲ್ಲಿ ಸಾಧಾರಣ ರೀತಿಯಿಂದ ತಯಾರಿಸಿದರೆ ಎರಡೂ ಸಮಪಾಲಾಗಿ ಬೆರೆತು ಬರುತ್ತವೆ. ಔಡಲದ ಗಿಡ ಹಾಗೆ ಮಾಡುವುದಿಲ್ಲ. ಅದು ತಯಾರಿಸುವುದು ಒಂದೇ ಕೈಯ ಅಣುವನ್ನು. 1960ರ ದಶಕದಲ್ಲಿ ಜಪಾನಿನ ತಾಚಿಬಾನಾ ಮತ್ತು ಅವರ ಜೊತೆಗಾರರು ಈ ಲಿಥಿಯಂ ಸಾಬೂನಿನ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಎಳೆಗಳು ಹಗ್ಗದಂತೆ ಹುರಿಗೊಂಡಿದ್ದವು. ಒಂದು ಕೈಯ ಅಣುವಿನಿಂದಾದ ಎಳೆ ಒಂದು ದಿಕ್ಕಿಗೆ ಹುರಿಗೊಂಡಿದ್ದರೆ, ಇನ್ನೊಂದು ಕೈಯದು ಅದಕ್ಕೆ ವಿರುದ್ಧ ದಿಕ್ಕಿಗೆ. ಎರಡನ್ನೂ ಸಮನಾಗಿ ಬೆರೆಸಿದಾಗ ಹುರಿ ಬರಲಿಲ್ಲ, ಚಪ್ಪಟೆ ಹಾಳೆಯಂಥ ತುಣುಕುಗಳು ಬಂದವು. ಅಂಥವು ಬಲೆಯಾಗಲು ಬರುವುದಿಲ್ಲ, ಎಣ್ಣೆಯನ್ನು ಸರಿಯಾಗಿ ಹಿಡಿಯುವುದಿಲ್ಲ.

ಒಬ್ಬರ ಕೈಯಲ್ಲಿ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಇನ್ನೊಬ್ಬರ ಕೈಯಲ್ಲಿ ಆಗುವುದಿಲ್ಲ, ಅದು ಕೈಗುಣ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಮೊಸರಿನ ಮಟ್ಟಿಗೆ ಅದು ನಂಬಿಕೆಯ ಮಾತು. ಗ್ರೀಸಿನ ಮಟ್ಟಿಗೆ ಅಕ್ಷರಶಃ ನಿಜ. ಮಣ್ಣೆಣ್ಣೆಯ ಉದ್ಯಮ ಎಷ್ಟೇ ಮುಂದುವರಿದರೂ ಈ ಒಂದು ವಸ್ತುವಿಗೆ ಔಡಲದ ಹೊಲದ ಕಡೆಗೇ ಬರಬೇಕಾಗಿರುವುದು ಈ ಕೈಗುಣದಿಂದಾಗಿ.

ಅದೇ 1942ರಲ್ಲಿ ಸಾಬೂನಿನ ಎಳೆಗಳನ್ನು ಇನ್ನೊಂದು ಕೆಲಸಕ್ಕೂ ಹಚ್ಚಲಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿ ಫೀಸರ್ ಎಂಬ ರಸಾಯನ ವಿಜ್ಞಾನಿ ಪೆಟ್ರೋಲನ್ನು ಅಲ್ಯೂಮಿನಿಯಂ ಸಾಬೂನಿನಿಂದ ಅಂಟಂಟಾದ ಜೆಲ್ಲಾಗಿ ಮಾಡಿದ. ಬರಿಯ ಪೆಟ್ರೋಲು ಭಗ್ಗನೆ ಉರಿದು ಮುಗಿಯುತ್ತದೆ. ಜೆಲ್ಲಾದ ಪೆಟ್ರೋಲು ಗೋಡೆಗೆ, ಚಾವಣಿಗೆ, ಮೈಗೆ ಅಂಟಿಕೊಂಡು ನಿಧಾನವಾಗಿ ಸುಡುತ್ತದೆ. ಅದಕ್ಕೆ ಬಳಸಿದ ಸಾಬೂನಿನ ಆಮ್ಲಗಳಲ್ಲಿ ದೊಡ್ಡ ಪಾಲು ತೆಂಗಿನ ಎಣ್ಣೆಯಿಂದ ಬಂದದ್ದು. ಅದರ ಹೆಸರು ನೇಪಾಮ್. 1945ರ ಮಾರ್ಚಿನ ಒಂದೇ ರಾತ್ರಿ ಟೋಕಿಯೋ ನಗರದ ಮೇಲೆ ಸುರಿದ ಬೆಂಕಿಯಲ್ಲಿ ಲಕ್ಷದ ಹತ್ತಿರ ಜನ ಸತ್ತರೆಂದು ಅಂದಾಜು. ಮುಂದೆ ವಿಯೆಟ್ನಾಮಿನಲ್ಲಿ ಬಳಸಿದ ನೇಪಾಮಿನಲ್ಲಿ ಸಾಬೂನಿನ ಬದಲು ಪ್ಲಾಸ್ಟಿಕ್ ಇತ್ತು, ಹೆಸರು ಮಾತ್ರ ಹಳೆಯದು. ತೆಂಗಿನ ಈ ಆಮ್ಲ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ.

ಇಷ್ಟೆಲ್ಲ ಬಳಕೆಯಾದರೂ ಚಿಕ್ಕ ಅಣುಗಳು ಹೆಪ್ಪುಗಟ್ಟಿಸುವ ಸಂಗತಿಯನ್ನು ಒಂದು ವಿದ್ಯೆಯಾಗಿ ನೋಡಿದವರು ಬಹುಕಾಲ ಇರಲಿಲ್ಲ. 1891ರಲ್ಲಿ ಫ್ರಾನ್ಸಿನ ಮ್ಯೂನಿಯೇ ಎಂಬಾತ ಸಾರ್ಬಿಟಾಲ್ ಎಂಬ ಸಕ್ಕರೆಯ ಬಂಧುವಿನಿಂದ ಮಾಡಿದ ವಸ್ತುವೊಂದು ದ್ರವಗಳನ್ನು ಹೆಪ್ಪುಗಟ್ಟಿಸುವುದನ್ನು ಕಂಡಿದ್ದ. ಅದೇ ವಸ್ತು ಇಂದು ಕೋಲಿನಾಕಾರದ ಸುಗಂಧಗಳಲ್ಲಿದೆ. ಅದರ ಹತ್ತಿರದ ಬಂಧುಗಳು ಪ್ಲಾಸ್ಟಿಕ್ ಡಬ್ಬಿಗಳನ್ನು ಗಾಜಿನಂತೆ ತಿಳಿಯಾಗಿಸುತ್ತವೆ. 1920ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೇರಿ ಲೇಯಿಂಗ್ ಮತ್ತು ಜೇಮ್ಸ್ ಮೆಕ್‌ಬೇನ್ ಸಾಬೂನಿನ ನೀರನ್ನು ಹರಿಯುವ ಸ್ಥಿತಿಯಲ್ಲಿಯೂ ಹೆಪ್ಪುಗಟ್ಟಿದ ಸ್ಥಿತಿಯಲ್ಲಿಯೂ ಪರೀಕ್ಷಿಸಿದರು. ವಿದ್ಯುತ್ತನ್ನು ಹರಿಸುವ ಶಕ್ತಿ ಎರಡರಲ್ಲಿಯೂ ಒಂದೇ ಆಗಿತ್ತು. ಅಂದರೆ ಹೆಪ್ಪುಗಟ್ಟಿದರೂ ಒಳಗಿನ ದ್ರವ ದ್ರವವಾಗಿಯೇ ಇದೆ, ಬದಲಾದದ್ದು ಬಲೆ ಕಟ್ಟಿಕೊಂಡದ್ದಷ್ಟೇ. ಮರುವರ್ಷ ಅಮೆರಿಕದ ಗಾರ್ಟ್‌ನರ್ ಮತ್ತು ಹಾಫ್‌ಮನ್ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಒಂದು ಚಿಕ್ಕ ಅಣು ಸಾವಿರ ಪಾಲು ನೀರಿಗೆ ಎರಡು ಪಾಲು ಇದ್ದರೂ ಜೆಲ್ ಮಾಡುವುದನ್ನು ವರದಿ ಮಾಡಿದರು. ಇವೆಲ್ಲ ಬಿಡಿ ಕೌತುಕಗಳಾಗಿಯೇ ಉಳಿದವು. ತಾನು ಬಯಸಿದ ಹರಳು ಬರದೆ ಪಾತ್ರೆಯ ತಳದಲ್ಲಿ ಲೋಳೆ ಕೂತರೆ ರಸಾಯನ ವಿಜ್ಞಾನಿಗಳು ಅದನ್ನು ಪ್ರಯೋಗ ಕೆಟ್ಟಿತೆಂದು ಚೆಲ್ಲುವುದೇ ವಾಡಿಕೆ. ಎಷ್ಟು ಹೆಪ್ಪುಗಾರ ಅಣುಗಳು ಹೀಗೆ ಮೋರಿಯ ಪಾಲಾದವೋ! 1980ರ ದಶಕದ ಕೊನೆಗೆ ಕೊಲೆಸ್ಟರಾಲ್‌ನಿಂದ ಮಾಡಿದ ಅಣುಗಳು ಆಕಸ್ಮಿಕವಾಗಿ ಜೆಲ್ ಆದದ್ದನ್ನು ಅಮೆರಿಕದ ರಿಚರ್ಡ್ ವೈಸ್ ಬೆನ್ನು ಹತ್ತಿದ ಮೇಲೆ ಈ ಶಾಸ್ತ್ರಕ್ಕೆ ಹೊಸ ಜೀವ ಬಂತು.

ಆ ಹೊಸ ಅಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ಸಣ್ಣದಲ್ಲ. ಅಲ್ಲಿ ಉದಯ ಮೈತ್ರಾ ಅವರು ಆರಿಸಿಕೊಂಡ ವಸ್ತು ಪಿತ್ತ. ದನದ ಪಿತ್ತದಿಂದ ದೊರೆಯುವ ಪಿತ್ತಾಮ್ಲಗಳ ಅಣುವಿಗೆ ಎರಡು ಮುಖ, ಒಂದು ಜಿಡ್ಡನ್ನು ಬಯಸುವುದು, ಇನ್ನೊಂದು ನೀರನ್ನು ಬಯಸುವುದು. ನಮ್ಮ ಕರುಳಿನಲ್ಲಿ ತಿಂದ ತುಪ್ಪವನ್ನು ನೀರಿನೊಡನೆ ಬೆರೆಸುವುದು ಈ ಗುಣದಿಂದಲೇ. 1999ರಲ್ಲಿ ಅವರ ತಂಡ ಪ್ರಕಟಿಸಿದ ಒಂದು ಜೆಲ್ ವಿಚಿತ್ರವಾದದ್ದು. ಪಿತ್ತಾಮ್ಲಕ್ಕೆ ಪೈರೀನ್ ಎಂಬ ಚಪ್ಪಟೆ ಅಣುವನ್ನು ಕಟ್ಟಿದರು. ಅದೊಂದರಿಂದಲೇ ದ್ರವ ಹೆಪ್ಪುಗಟ್ಟಲಿಲ್ಲ. ಎಲೆಕ್ಟ್ರಾನುಗಳಿಗಾಗಿ ಹಾತೊರೆಯುವ ಇನ್ನೊಂದು ಚಪ್ಪಟೆ ಅಣುವನ್ನು ಸೇರಿಸಿದಾಗ ಎರಡೂ ಒಂದರ ಮೇಲೊಂದು ಕೂತು ಹೆಪ್ಪುಗಟ್ಟಿದವು, ಬಣ್ಣವೂ ಏರಿತು. ಎಲೆ, ಅಡಿಕೆ, ಸುಣ್ಣ ಕೂಡಿದಾಗಲೇ ಬಾಯಿ ಕೆಂಪಾಗುವಂತೆ. ಮುಂದೆ ಇದೇ ತಂಡ ಪಿತ್ತಾಮ್ಲದ ಜೆಲ್ಲಿನೊಳಗೆ ಯೂರೋಪಿಯಂ, ಟರ್ಬಿಯಂ ಎಂಬ ಲೋಹಗಳನ್ನು ಸೇರಿಸಿ ಕೆಂಪಾಗಿ, ಹಸಿರಾಗಿ ಬೆಳಗುವ ಜೆಲ್ಲುಗಳನ್ನು ಮಾಡಿತು. ಅವನ್ನು ಕಾಗದದ ಚೂರಿನ ಮೇಲೆ ಬಳಿದು ಕೆಲವು ಕಿಣ್ವಗಳನ್ನು ಪತ್ತೆ ಮಾಡುವ ಅಗ್ಗದ ಪರೀಕ್ಷೆಗಳನ್ನೂ ರೂಪಿಸಿತು.

ಅದೇ ಸಂಸ್ಥೆಯಲ್ಲಿ ಶಾಂತನು ಭಟ್ಟಾಚಾರ್ಯ ಮತ್ತು ಆಗ ಅವರ ವಿದ್ಯಾರ್ಥಿನಿಯಾಗಿದ್ದ ಯಮುನಾ ಕೃಷ್ಣನ್ 2001ರಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ತೆಂಗಿನ ಎಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲವನ್ನು ಅಲನೀನ್ ಎಂಬ ಸಾಮಾನ್ಯ ಅಮೈನೋ ಆಮ್ಲಕ್ಕೆ ಜೋಡಿಸಿದರೆ ಒಂದು ಹೆಪ್ಪುಗಾರ ಅಣು ಸಿಗುತ್ತದೆ. ನೀರು ಮತ್ತು ಎಣ್ಣೆ ಎರಡೂ ಇರುವ ಪಾತ್ರೆಯಲ್ಲಿ ಅದನ್ನು ಬಳಸಿದಾಗ ಎಣ್ಣೆ ಮಾತ್ರ ಹೆಪ್ಪುಗಟ್ಟಿತು, ನೀರು ನೀರಾಗಿಯೇ ಉಳಿಯಿತು. ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಮುಂತಾದವನ್ನು ಅದು ಹಿಡಿಯುತ್ತಿತ್ತು. ಬೆರೆತ ಎರಡು ದ್ರವಗಳಲ್ಲಿ ಎಣ್ಣೆಯನ್ನು ಮಾತ್ರ ಆಯ್ದು ಹೆಪ್ಪುಗಟ್ಟಿಸಿದ ಮೊದಲ ವರದಿ ಅದು. ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯನ್ನು ಬಾಚಿ ತೆಗೆಯಲು ಇದು ಉಪಯೋಗಕ್ಕೆ ಬರಬಹುದೆಂದು ಲೇಖಕರೇ ಸೂಚಿಸಿದ್ದರು. 1942ರಲ್ಲಿ ಊರು ಸುಡಲೆಂದು ಪೆಟ್ರೋಲನ್ನು ಹೆಪ್ಪುಗಟ್ಟಿಸಿದ ತೆಂಗಿನ ಆಮ್ಲ, ಸುಮಾರು ಅರವತ್ತು ವರ್ಷಗಳ ಮೇಲೆ ಕಡಲನ್ನು ಕಾಯಲೆಂದು ಅದೇ ಪೆಟ್ರೋಲನ್ನು ಹೆಪ್ಪುಗಟ್ಟಿಸಿತು.

ಆ ಲೇಖನ ಬಂದ ಐದು ವರ್ಷಕ್ಕೆ, 2006ರ ಮೇ 30ರಂದು, ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಎದುರಿನ ಬಂಡೆಗಳಿಗೆ ಬಡಿದು ನಿಂತಿತು. ಮುಂಗಾರಿನ ಅಲೆಗಳು ಅದನ್ನು ಒಡೆದವು. ಅದರ ಇಂಧನ ತೈಲ ನಮ್ಮ ಕರಾವಳಿಗೂ ದಕ್ಷಿಣ ಗೋವೆಯ ಮರಳಿಗೂ ಹರಡಿತು. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದಾಗ ದಡಕ್ಕೆ ಬಂದ ಕಪ್ಪು ರಾಡಿಯನ್ನು ಜನ ಬಕೆಟ್ಟುಗಳಿಂದ ಗೋರಿ ತೆಗೆದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಎಣ್ಣೆಯನ್ನು ಮಾತ್ರ ಹೆಪ್ಪುಗಟ್ಟಿಸುವ ವಿದ್ಯೆ ದೇಶದಲ್ಲಿಯೇ ಹುಟ್ಟಿ ಹದಿನಾರು ವರ್ಷವಾಗಿದ್ದರೂ ಕೈಗೆ ಬಂದದ್ದು ಬಕೆಟ್ಟು.

ಇದಕ್ಕೆ ಯಾರನ್ನೋ ದೂರುವುದು ಸುಲಭ. ಆದರೆ ಪ್ರಯೋಗಶಾಲೆಯ ಬಟ್ಟಲಿಗೂ ಅರಬ್ಬಿ ಸಮುದ್ರಕ್ಕೂ ಇರುವ ಅಂತರ ದೊಡ್ಡದು. ಎಳೆಗಳು ಹುಟ್ಟಬೇಕಾದರೆ ಹೆಪ್ಪುಗಾರ ಅಣು ಮೊದಲು ಎಣ್ಣೆಯಲ್ಲಿ ಕರಗಬೇಕು. ಅದಕ್ಕೆ ಕಾಯಿಸಬೇಕು, ಇಲ್ಲವೇ ಇನ್ನೊಂದು ದ್ರಾವಕದಲ್ಲಿ ಕರಗಿಸಿ ಹಾಕಬೇಕು. ಕಡಲನ್ನು ಕಾಯಿಸಲು ಬರುವುದಿಲ್ಲ, ಬೇರೆ ದ್ರಾವಕವನ್ನು ಸುರಿದರೆ ಮೀನಿಗೆ ಅದೊಂದು ಹೊಸ ಕಾಟ. ಹಡಗಿನ ಇಂಧನವೋ ಡೀಸೆಲ್‌ನಂತೆ ತೆಳುವಲ್ಲ, ಡಾಂಬರಿನಂತೆ ಮಂದ. ಅಲೆ ಬಡಿಯುವಾಗ ಎಳೆ ನಿಲ್ಲಬೇಕು. ಟನ್ನುಗಟ್ಟಲೆ ಎಣ್ಣೆಗೆ ಕ್ವಿಂಟಲುಗಟ್ಟಲೆ ಹೆಪ್ಪು ಬೇಕು, ಅದು ಅಗ್ಗವಾಗಿರಬೇಕು. 2010ರಲ್ಲಿ ನ್ಯೂಯಾರ್ಕಿನಲ್ಲಿ ಜಾರ್ಜ್ ಜಾನ್ ಮತ್ತು ಸಂಗಡಿಗರು ಸಕ್ಕರೆಯ ಬಂಧುಗಳಿಂದ ಮಾಡಿದ ಹೆಪ್ಪುಗಾರಗಳಿಂದ ಡೀಸೆಲನ್ನು ಹೆಪ್ಪುಗಟ್ಟಿಸಿ, ಬಟ್ಟಿ ಇಳಿಸಿ, ಎಣ್ಣೆಯನ್ನೂ ಹೆಪ್ಪನ್ನೂ ಬೇರೆಬೇರೆಯಾಗಿ ಮರಳಿ ಪಡೆದರು. 2017ರಲ್ಲಿ ತಿರುವನಂತಪುರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಕಾನಾ ಸುರೇಶನ್ ಅವರ ತಂಡ ಹೆಪ್ಪುಗಾರವನ್ನು ಸೆಲ್ಯುಲೋಸ್ ಪುಡಿಗೆ ಹಿಡಿಸಿ ನೇರವಾಗಿ ಎಣ್ಣೆಯ ಮೇಲೆ ಉದುರಿಸುವ ದಾರಿ ತೋರಿಸಿತು. ಕಾಯಿಸುವ ಗೊಡವೆಯೂ ಇಲ್ಲ, ದ್ರಾವಕವೂ ಬೇಡ. ಸೆಲ್ಯುಲೋಸ್ ಎಂದರೆ ಹತ್ತಿಯ ಮೂಲವಸ್ತುವೇ. ಹಣತೆಯ ಬತ್ತಿಗೂ ಇದಕ್ಕೂ ನೆಂಟಸ್ತಿಕೆ ಹೀಗೆ ಮುಂದುವರಿದಿದೆ.

ಹೊಂಬಳದ ಕಡೆಗೆ ಮರಳಿದರೆ ಅಲ್ಲಿ ಮರದ ಗಾಲಿಯ ಚಕ್ಕಡಿ ಈಗ ಅಪರೂಪ. ರಬ್ಬರ್ ಟೈರಿನ ಗಾಡಿಗಳ, ಟ್ರ್ಯಾಕ್ಟರುಗಳ ಗಾಲಿಯೊಳಗೆ ಗುಂಡಿನ ಬೇರಿಂಗುಗಳಿವೆ. ಅವಕ್ಕೆ ಹಾಕುವುದು ಗ್ರೀಸು, ಕೀಲೆಣ್ಣೆಯಲ್ಲ. ಬದುವಿನ ಔಡಲವೂ ಕಡಿಮೆಯಾಗಿದೆ. ಪ್ರಪಂಚದ ಔಡಲದಲ್ಲಿ ಬಹುಪಾಲು ಭಾರತದ್ದೇ ಆದರೂ ಅದರಲ್ಲಿ ಹೆಚ್ಚಿನದು ಗುಜರಾತಿನ ಬೆಳೆ. ಬದುವಿನ ಗಿಡಕ್ಕೂ ಬೇರಿಂಗಿಗೂ ನಡುವೆ ಈಗ ಹಲವು ಕಾರ್ಖಾನೆಗಳು, ಬಂದರುಗಳು, ದಲ್ಲಾಳಿಗಳು ಬಂದು ಕೂತಿದ್ದಾರೆ. ಮೊದಲು ಬೀಜ ಕುಟ್ಟಿದ ಮನೆಯಲ್ಲಿಯೇ ಕೀಲೆಣ್ಣೆ ತಯಾರಾಗುತ್ತಿತ್ತು. ಅದರ ಲಾಭ ಯಾರ ಲೆಕ್ಕದ ಪುಸ್ತಕಕ್ಕೂ ಸೇರುತ್ತಿರಲಿಲ್ಲ, ಆದರೆ ಅದು ಮನೆಯಲ್ಲಿಯೇ ಉಳಿಯುತ್ತಿತ್ತು.

ಇಂದು ಜಗತ್ತಿನಲ್ಲಿ ತಯಾರಾಗುವ ಗ್ರೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಲಿಥಿಯಂ ಸಾಬೂನಿನದು. ಆದರೆ ಲಿಥಿಯಂಗೆ ಈಗ ಬೇರೆ ಗಿರಾಕಿ ಬಂದಿದ್ದಾನೆ. ಮೊಬೈಲ್ ಫೋನುಗಳ, ವಿದ್ಯುತ್ ವಾಹನಗಳ ಬ್ಯಾಟರಿಗೆ ಅದೇ ಬೇಕು. 2021–22ರಲ್ಲಿ ಲಿಥಿಯಂ ಬೆಲೆ ಗಗನಕ್ಕೇರಿದಾಗ ಗ್ರೀಸು ತಯಾರಕರು ಬೇರೆ ಲೋಹಗಳತ್ತ ನೋಡತೊಡಗಿದರು. ಅವರು ಹಿಡಿದ ದಾರಿಗಳಲ್ಲಿ ಒಂದು ಹಳೆಯ ಕ್ಯಾಲ್ಸಿಯಂನದು, ಅಂದರೆ ಈಜಿಪ್ತಿನ ರಥದ ಅಚ್ಚಿಗೆ ಬಳಿದ ಅದೇ ಸುಣ್ಣದ್ದು. ಹಳೆಯ ಸುಣ್ಣದ ಗ್ರೀಸು ಬಿಸಿಗೆ ಕರಗುತ್ತಿತ್ತಲ್ಲ? ಅದರ ನೀರಿನಂಶ ತೆಗೆದು, ಕೊಬ್ಬಿನ ಬದಲು ಔಡಲದ ಆಮ್ಲವನ್ನು ಕೂಡಿಸಿದರೆ ಅದು 130–140 ಡಿಗ್ರಿಯವರೆಗೂ ತಾಳುತ್ತದೆ. ಲೋಹ ಲಿಥಿಯಂ ಇರಲಿ, ಸುಣ್ಣವಿರಲಿ, ಎಳೆ ಹೊಸೆಯುವ ಕೆಲಸಕ್ಕೆ ಕಾರ್ಖಾನೆಗಳು ಔಡಲದ ಆಮ್ಲವನ್ನೇ ತರಿಸುತ್ತಿವೆ.